ಗುಳಿಗೆ ಯಾವುದರ ಬದಲಿಗೆ?

ಮಾತಾಡುವವರು ಇಬ್ಬರು. ಒಬ್ಬರು ಸನ್ನತಿ–ಚಿತ್ತಾಪುರ ಸೀಮೆಯಲ್ಲಿ ಔಷಧಿ ಅಂಗಡಿ ನಡೆಸುವವರು. ಇನ್ನೊಬ್ಬರು ಸಾರ್ವಜನಿಕ ಆರೋಗ್ಯದ ಕೆಲಸದಲ್ಲಿರುವ ವೈದ್ಯರು. ವಿಷಯ, ಔಷಧಿಗೆ ಬಗ್ಗದ ರೋಗಾಣು.

ಅಂಗಡಿಯವರು: ಡಾಕ್ಟರ್ ಸಾಹೇಬ್ರೆ, ಆ್ಯಂಟಿಬಯಾಟಿಕ್ ಕೆಲಸ ಮಾಡವಲ್ಲವು ಅಂತ ಪೇಪರಿನಾಗ ಯಾರು ಬರೆದರೂ ಕಡೀಕ ಬೆರಳು ತೋರ್ಸೋದು ನಮ್ಮ ಅಂಗಡಿ ಕಡೀಗೇ. ನಮ್ಮ ಕೌಂಟರ್ ಮುಂದ ಏನು ನಡೀತದ ಅಂತ ಬರೆದವರು ನೋಡ್ಯಾರೋ ಇಲ್ಲೋ. ಸಂಜಿ ಹೊತ್ತಿಗಿ ಪರಸಿ ಕಲ್ಲಿನ ಗಣಿಯಿಂದ ಒಬ್ಬಾಂವ ಬಂದ ಅಂತ ಇಟ್ಕೋರಿ. ‘ಎರಡು ದಿನದಿಂದ ಉರಿ ಬಂದಾವ, ನಾಳಿ ಕೆಲಸಕ್ಕ ಹೋಗಲೇಬೇಕು, ಛಲೋ ಗುಳಿಗಿ ಕೊಡ್ರಿ’ ಅಂತಾನ. ಡಾಕ್ಟರ್ ಚೀಟಿ ಇಲ್ಲ. ಹತ್ತು ಗುಳಿಗಿ ಪಟ್ಟಿ ತೋರ್ಸಿದ್ರ ರೇಟ್ ಕೇಳಿ ‘ನಾಕು ಸಾಕು’ ಅಂತಾನ. ಕತ್ತರಿ ತಗೊಂಡು ಪಟ್ಟಿ ಕತ್ತರಿಸ್ತೀವಿ. ಬದಿಗಿರೋ ಕೆಂಪು ಗೆರಿ ಎರಡು ತುಂಡಾಗ್ತದ. ಔಷಧಿ ಹೆಸರು ನಮ್ಮ ಕಡಿ ಉಳೀತದ, ತಾರೀಖು ಅವನ ಕಡಿ ಹೋಗ್ತದ, ಇಲ್ಲಾಂದ್ರ ಉಲ್ಟಾ. ಕಾಯ್ದೆ ಪ್ರಕಾರ ಇದು ಸರಿ ಅಲ್ಲ, ಖರೆ. ಆದರ ಈ ನಾಕು ಗುಳಿಗಿಯಿಂದ ದೇಶದ ಆರೋಗ್ಯ ಕೆಟ್ಟು ಹೋಯ್ತು ಅಂದ್ರ ಹ್ಯಾಂಗ ನಂಬೋದು?

ವೈದ್ಯರು: ಸಾವಕಾರ್ರೆ, ಒಬ್ಬನ ನಾಲ್ಕು ಗುಳಿಗೆಯಿಂದ ಕೆಡುವುದಿಲ್ಲ, ನಿಜ. ಊರೂರಲ್ಲೂ ದಿನದಿನವೂ ಅದೇ ನಾಲ್ಕು ಗುಳಿಗೆ ಹೊಟ್ಟೆಗೆ ಹೋಗುವುದರಿಂದ ಕೆಡುತ್ತದೆ. ನಿಮ್ಮ ಸೀಮೆಯ ರೈತರಿಗೆ ಇದು ಹೊಸ ಪಾಠವೇನಲ್ಲ. ತೊಗರಿಯ ಕಾಯಿಕೊರಕಕ್ಕೆ ಒಂದೇ ಎಣ್ಣೆಯನ್ನು ವರ್ಷವರ್ಷ ಹೊಡೆದರೆ ಸಾಯುವ ಹುಳು ಸತ್ತು, ತಡೆದುಕೊಂಡ ಹುಳು ಉಳಿದು, ಮುಂದಿನ ಹಂಗಾಮಿಗೆ ಹೊಲದ ತುಂಬ ಅದರದ್ದೇ ಸಂತಾನ ಇರುತ್ತದೆ. ಕರುಳಿನಲ್ಲಿರುವ ಕೋಟ್ಯಂತರ ಬ್ಯಾಕ್ಟೀರಿಯಾಗಳಲ್ಲೂ ಹೀಗೇ ಆಗುತ್ತದೆ. ಜ್ವರ ವೈರಸ್ಸಿನದಾಗಿದ್ದರೆ ಗುಳಿಗೆ ಅದನ್ನು ಮುಟ್ಟುವುದೇ ಇಲ್ಲ, ಆದರೆ ಕರುಳಿನ ಬಡಪಾಯಿ ಬ್ಯಾಕ್ಟೀರಿಯಾಗಳನ್ನು ಕೊಂದು ಗಟ್ಟಿಯವನ್ನು ಉಳಿಸುತ್ತದೆ. ಹುಳುವಿಗಿಲ್ಲದ ಇನ್ನೊಂದು ಶಕ್ತಿ ಬ್ಯಾಕ್ಟೀರಿಯಾಕ್ಕಿದೆ. ಔಷಧಿಯನ್ನು ಎದುರಿಸುವ ಜೀನನ್ನು ಅದು ಪಕ್ಕದ ಬೇರೆ ಜಾತಿಯ ಬ್ಯಾಕ್ಟೀರಿಯಾಕ್ಕೂ ದಾಟಿಸಬಲ್ಲದು. ಪೆನಿಸಿಲಿನ್ ಜನರ ಕೈಗೆ ಬರುವುದಕ್ಕೂ ಮೊದಲೇ, 1940ರಲ್ಲಿ, ಅದನ್ನು ಒಡೆದುಹಾಕುವ ಕಿಣ್ವ ಬ್ಯಾಕ್ಟೀರಿಯಾದಲ್ಲಿ ಪತ್ತೆಯಾಗಿತ್ತು. 1945ರಲ್ಲಿ ನೊಬೆಲ್ ಸ್ವೀಕರಿಸುವಾಗ ಅಲೆಕ್ಸಾಂಡರ್ ಫ್ಲೆಮಿಂಗ್ ಇದೇ ಎಚ್ಚರಿಕೆ ಕೊಟ್ಟಿದ್ದರು. 2022ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂದ ಅಂದಾಜಿನ ಪ್ರಕಾರ, 2019ರ ಒಂದೇ ವರ್ಷದಲ್ಲಿ ಜಗತ್ತಿನ 12.7 ಲಕ್ಷ ಜನ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾದಿಂದ ನೇರವಾಗಿ ಸತ್ತರು. ಭಾರತದಲ್ಲಿ ಆ ಸಂಖ್ಯೆ ಸುಮಾರು 3 ಲಕ್ಷ. ಆದರೆ ನನ್ನ ವಾದ ನಿಮ್ಮ ಕತ್ತರಿಯ ಮೇಲಲ್ಲ. ಆ ಗಣಿ ಕೆಲಸದವನಿಗೆ ನೀವು ಕೊಟ್ಟ ಗುಳಿಗೆ ಯಾವುದರ ಬದಲಿಗೆ ಹೋಯಿತು ಅನ್ನುವುದು ನನ್ನ ಪ್ರಶ್ನೆ. ಜ್ವರ ಯಾವುದೆಂದು ಹೇಳುವ ಪರೀಕ್ಷೆಯ ಬದಲಿಗೆ, ಕೂಲಿ ಕಳೆದುಕೊಳ್ಳದೆ ಒಂದು ದಿನ ಮಲಗುವ ಅವಕಾಶದ ಬದಲಿಗೆ, ಶುದ್ಧ ನೀರಿನ ಬದಲಿಗೆ, ಮೊದಲೇ ಹಾಕಿಸಬೇಕಿದ್ದ ಲಸಿಕೆಯ ಬದಲಿಗೆ. ಇಲ್ಲದ ಇಷ್ಟೂ ವ್ಯವಸ್ಥೆಯ ಕೆಲಸವನ್ನು ಒಂದು ಗುಳಿಗೆಯ ಮೇಲೆ ಹೊರಿಸಿದ್ದೇವೆ. ಅದಕ್ಕೇ ಗುಳಿಗೆ ಸೋಲುತ್ತಿದೆ.

ಅಂಗಡಿಯವರು: ಮಾತು ಛಲೋ ಅದ. ಆದರ ನೀವು ಹೇಳೋ ಲೆಕ್ಕ ಎಲ್ಲಾ ದಿಲ್ಲಿ ಮುಂಬೈ ದೊಡ್ಡ ದವಾಖಾನಿದು. ವಾಡಿ, ಶಹಾಬಾದ್, ಚಿಂಚೋಳಿಯಾಗ ಮಂದಿ ತಿನ್ನೋ ಔಷಧಿನೇ ಕಮ್ಮಿ. ಅಮೆರಿಕ, ಯುರೋಪದಾಗ ಒಬ್ಬೊಬ್ಬರು ನಮಗಿಂತ ಜಾಸ್ತಿ ತಿಂತಾರಂತ. ರೋಗಾಣು ಹುಟ್ಟಿಸಿದವರು ಅವರು, ಬೈಸ್ಕೊಳ್ಳೋರು ನಾವು, ಹಿಂಗಾಗ್ತದ ಅಲ್ರಿ?

ವೈದ್ಯರು: ಇದರಲ್ಲಿ ಅರ್ಧ ನಿಜ ಇದೆ, ಅದನ್ನು ಮೊದಲು ಒಪ್ಪುತ್ತೇನೆ. ಭಾರತದ ಖಾಸಗಿ ಮಾರಾಟದ 2019ರ ಲೆಕ್ಕ 2022ರಲ್ಲಿ ಪ್ರಕಟವಾಯಿತು. 2019ರಲ್ಲಿ ಸುಮಾರು 507 ಕೋಟಿ ದಿನಗಳ ಡೋಸಿನಷ್ಟು ಆ್ಯಂಟಿಬಯಾಟಿಕ್ ಮಾರಾಟವಾಗಿತ್ತು. ಕೇಳಿದರೆ ತಲೆ ತಿರುಗುತ್ತದೆ. ಆದರೆ ಜನಸಂಖ್ಯೆಗೆ ಹಂಚಿದರೆ ಸಾವಿರ ಜನರಿಗೆ ದಿನಕ್ಕೆ 10.4 ಡೋಸ್, ಬಹಳಷ್ಟು ಶ್ರೀಮಂತ ದೇಶಗಳಿಗಿಂತ ಕಡಿಮೆ. ತೊಂದರೆ ಇರುವುದು ಯಾವ ಔಷಧಿ ತಿನ್ನುತ್ತೇವೆ ಅನ್ನುವುದರಲ್ಲಿ. ಸಾಮಾನ್ಯ ಸೋಂಕಿಗೆ ಮೊದಲು ಕೊಡಬೇಕಾದ ಸರಳ ಔಷಧಿಗಳ ಪಾಲು ಶೇ 27 ಮಾತ್ರ. ಎಚ್ಚರಿಕೆಯಿಂದ ಬಳಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಪಟ್ಟಿ ಮಾಡಿದವುಗಳ ಪಾಲು ಶೇ 55ರಷ್ಟು. ಅತಿ ಹೆಚ್ಚು ಖರ್ಚಾದದ್ದು ಅಜಿತ್ರೋಮೈಸಿನ್ 500, ಅದರ ಹಿಂದೆಯೇ ಸಿಫಿಕ್ಸಿಮ್ 200. ಒಟ್ಟು ಮಾರಾಟದಲ್ಲಿ ಶೇ 47ರಷ್ಟು ಕೇಂದ್ರದ ಔಷಧ ನಿಯಂತ್ರಕರ ಅನುಮೋದನೆ ಇಲ್ಲದ ತಯಾರಿಕೆಗಳು. ನೆಗಡಿಗೂ ಮೇಲ್ದರ್ಜೆಯ ಔಷಧಿ ಹೋದರೆ, ನಿಜವಾಗಿ ಬೇಕಾದ ದಿನ ಅದು ಕೈಕೊಡುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಜಾಲದಲ್ಲಿರುವ ಆಸ್ಪತ್ರೆಗಳಲ್ಲಿ, 2017ರಲ್ಲಿ ನೂರರಲ್ಲಿ 81 ಇ-ಕೋಲೈ ಬ್ಯಾಕ್ಟೀರಿಯಾದ ಮಾದರಿಗಳು ಮೇಲ್ದರ್ಜೆಯ ಔಷಧಿ ಇಮಿಪೆನೆಮ್‌ಗೆ ಬಗ್ಗುತ್ತಿದ್ದವು. 2023ರ ಹೊತ್ತಿಗೆ ಅದು 63ಕ್ಕೆ ಇಳಿಯಿತು. ಅವು ದೊಡ್ಡ ಆಸ್ಪತ್ರೆಗಳೇ, ನಿಮ್ಮ ಊರಿನ ಲೆಕ್ಕವಲ್ಲ, ಒಪ್ಪುತ್ತೇನೆ. ಆದರೆ ಸನ್ನತಿಯಲ್ಲಿ ಹೆರಿಗೆಯ ನಂತರ ನಂಜೇರಿದ ಬಾಣಂತಿ ಕಡೆಗೆ ಹೋಗುವುದು ಕಲಬುರಗಿಯ, ಸೊಲ್ಲಾಪುರದ, ಹೈದರಾಬಾದಿನ ಐಸಿಯುಗಳಿಗೇ ಅಲ್ಲವೆ? ಅಲ್ಲಿನ ಸೋಲು ಅವಳ ಸೋಲೂ ಆಗುತ್ತದೆ. ಇನ್ನೊಂದು ಮಗ್ಗುಲೂ ಇದೆ. ಇಮಿಪೆನೆಮ್ ಸೇರಿದ ಗುಂಪಾದ ಕಾರ್ಬಪೆನೆಮ್‌ಗೂ ಬಗ್ಗದ ಸೋಂಕು ತಗುಲಿದವರ 2019ರ ಅಂದಾಜನ್ನು ಎಂಟು ದೇಶಗಳಲ್ಲಿ ಲೆಕ್ಕ ಹಾಕಿ 2025ರಲ್ಲಿ ಪ್ರಕಟಿಸಿದರು. ಭಾರತದಲ್ಲಿ ತಕ್ಕ ಔಷಧಿ ಸಿಕ್ಕವರು ನೂರಕ್ಕೆ ಎಂಟು ಜನರೂ ಇರಲಿಲ್ಲ. ಅಂದರೆ ಬೇಡದವನಿಗೆ ಔಷಧಿ ಸುಲಭವಾಗಿ ಸಿಗುತ್ತದೆ, ಬೇಕಾದವನಿಗೆ ಸಿಗುವುದಿಲ್ಲ. ಎರಡೂ ಒಂದೇ ಕೊರತೆಯಿಂದ ಬಂದವು: ಯಾರಿಗೆ ಯಾವುದು ಬೇಕೆಂದು ಗೊತ್ತು ಮಾಡಿಕೊಳ್ಳುವ ಏರ್ಪಾಡು ನಮ್ಮಲ್ಲಿಲ್ಲ.

ಅಂಗಡಿಯವರು: ಗೊತ್ತು ಮಾಡಿದರೂ ಮಂದಿ ಕೇಳಬೇಕಲ್ರಿ. ಮಂದೀಗಿ ಸೂಜಿ ಮಾಡಬೇಕು, ಸಲಾಯಿನ್ ಹಚ್ಚಬೇಕು, ಪವರ್ ಗುಳಿಗಿ ಬೇಕು. ಕೂಸಿಗಿ ಝಾಡಿ ಹತ್ತಿದ್ರ ಓಆರ್‌ಎಸ್ ಪಾಕೀಟ್ ಕೊಟ್ಟು ಕಳಿಸಿದ್ರ ‘ಬರೀ ಉಪ್ಪು ಸಕ್ರಿ ನೀರು ಕೊಟ್ಟಾನ’ ಅಂತ ಮುಂದಿನ ಅಂಗಡಿಗಿ ಹೋಗ್ತಾರ. ಆರ್‌ಎಂಪಿ ಡಾಕ್ಟರರ, ಅಂದ್ರ ಡಿಗ್ರಿ ಇಲ್ಲದ ಹಳ್ಳಿ ವೈದ್ಯರ ಪಾಡೂ ಅದೇ. ಗಿರಾಕಿ ಕೇಳಿದ್ದು ಕೊಡ್ತಾರ.

ವೈದ್ಯರು: ಗಿರಾಕಿ ನಿಜವಾಗಿಯೂ ಅದನ್ನೇ ಕೇಳುತ್ತಾನೆಯೆ, ಕೇಳುತ್ತಾನೆಂದು ನಾವು ಅಂದುಕೊಂಡಿದ್ದೇವೆಯೆ? ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ, ಅದೂ ನಮ್ಮ ರಾಜ್ಯದಲ್ಲೇ. ಕರ್ನಾಟಕ ಮತ್ತು ಬಿಹಾರದ 253 ಊರುಗಳಲ್ಲಿ, ಎರಡು ಸಾವಿರಕ್ಕೂ ಹೆಚ್ಚು ಖಾಸಗಿ ವೈದ್ಯರು ಮತ್ತು ಔಷಧಿ ಕೊಡುವವರ ಬಳಿ, ಮಗುವಿಗೆ ಭೇದಿಯಾಗಿದೆ ಎಂದು ಹೇಳುವ ತರಬೇತಾದ ‘ರೋಗಿ’ಗಳನ್ನು ಗುರುತು ಹೇಳದೆ ಕಳಿಸಿದರು. ಫಲಿತಾಂಶ 2024ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು. ಓಆರ್‌ಎಸ್ ಕೊಡದಿರುವುದಕ್ಕೆ ದಾಸ್ತಾನು ಇಲ್ಲದ್ದು ಕಾರಣವೆ? ಶೇ 6ರಷ್ಟು. ಲಾಭದ ಆಸೆಯೆ? ಶೇ 5ರಷ್ಟು. ‘ಜನಕ್ಕೆ ಓಆರ್‌ಎಸ್ ಬೇಡ’ ಎಂಬ ತಪ್ಪು ಅಂದಾಜು? ಶೇ 42ರಷ್ಟು. ಬಂದವರು ‘ನಮಗೆ ಓಆರ್‌ಎಸ್ ಆದೀತು’ ಎಂದು ಬಾಯಿಬಿಟ್ಟು ಹೇಳಿದ ಕಡೆ ಅದನ್ನು ಕೊಡುವ ಪ್ರಮಾಣ ಸರಿಸುಮಾರು ಇಮ್ಮಡಿಯಾಯಿತು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಬಂದಾಗ ಡಾ. ದಿಲೀಪ್ ಮಹಲನಾಬಿಸ್ ಇದೇ ಉಪ್ಪು ಸಕ್ಕರೆ ನೀರಿನಿಂದ ಸಾವಿರಾರು ಜೀವ ಉಳಿಸಿದರು. ಮಕ್ಕಳ ಬಹುಪಾಲು ಭೇದಿಗೆ ಆ್ಯಂಟಿಬಯಾಟಿಕ್ ಬೇಕಾಗಿಯೇ ಇಲ್ಲ. ಆದ್ದರಿಂದ ‘ಜನರ ಅಜ್ಞಾನ’ ಅನ್ನುವ ಉತ್ತರದ ಮೇಲೆ ನನಗೆ ಯಾವಾಗಲೂ ಅನುಮಾನ. ಅರವತ್ತು ವರ್ಷದ ಹಿಂದೆಯೂ ಇದೇ ಆಗಿತ್ತು. ಬೆಂಗಳೂರಿನಲ್ಲಿ 1959ರಲ್ಲಿ ಶುರುವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯ ರೋಗಿಗಳನ್ನು ಹುಡುಕಿ ಮಾತಾಡಿಸಿದರು. ಹಳ್ಳಿಯವರಿಗೆ ರೋಗದ ಅರಿವಿಲ್ಲ, ದವಾಖಾನೆಗೆ ಬರುವುದಿಲ್ಲ ಎಂಬುದು ಆಗಿನ ನಂಬಿಕೆ. 1963ರಲ್ಲಿ ಬನರ್ಜಿ ಮತ್ತು ಆ್ಯಂಡರ್ಸನ್ ಪ್ರಕಟಿಸಿದ ಆ ಅಧ್ಯಯನದಲ್ಲಿ ತಿಳಿದದ್ದೇ ಬೇರೆ: ಸುಮಾರು ಅರ್ಧದಷ್ಟು ರೋಗಿಗಳು ಕೆಮ್ಮು ಎಂದು ಆಗಲೇ ದವಾಖಾನೆಗೆ ಹೋಗಿದ್ದರು. ಅಲ್ಲಿ ಕಫ ಪರೀಕ್ಷೆ ಮಾಡದೆ ಕೆಮ್ಮಿನ ಔಷಧಿಯ ಬಾಟಲಿ ಕೊಟ್ಟು ಕಳಿಸಿದ್ದರು. ಬಾಟಲಿ ಪರೀಕ್ಷೆಯ ಜಾಗದಲ್ಲಿ ನಿಂತಿತ್ತು. ಈಗ ಅಲ್ಲಿ ಅಜಿತ್ರೋಮೈಸಿನ್ ನಿಂತಿದೆ.

ಅಂಗಡಿಯವರು: ಹಂಗಿದ್ರ ಕಾಯ್ದೆ ಬಿಗಿ ಮಾಡ್ರಿ, ಎಲ್ಲರಿಗೂ ಒಂದೇ ನ್ಯಾಯ ಆಗಲಿ. ಎಚ್-1 ಅನ್ನೋ ಪಟ್ಟಿಯಾಗಿನ ಔಷಧಿಗಿ ರಜಿಸ್ಟರ್ ಇಡಬೇಕು ಅಂತ 2014ರಿಂದ ಅದ. ಡಾಕ್ಟರ್ ಹೆಸರು, ಪೇಷಂಟ್ ಹೆಸರು, ಎಷ್ಟು ಕೊಟ್ಟಿವಿ, ಎಲ್ಲಾ ಬರೆದು ಮೂರು ವರ್ಷ ಇಡಬೇಕು. ಬರಿಯೋರು ಬರೀತಾರ, ಬಿಡೋರು ಬಿಡ್ತಾರ. ಕೇರಳದಾಗ ಮಾಡಿ ತೋರಿಸ್ಯಾರಲ್ರಿ. ಅಂಗಡಿ ಲೈಸೆನ್ಸ್‌ಗೇ ಕೈ ಹಾಕಿದ್ರ ಎಲ್ಲಾ ಸರಿ ಆಗ್ತದ.

ವೈದ್ಯರು: ಕೇರಳ 2024ರ ಜನವರಿಯಲ್ಲಿ ‘ಆಪರೇಷನ್ ಅಮೃತ್’ ಎಂದು ಹೊರಟು, ಚೀಟಿ ಇಲ್ಲದೆ ಮಾರುವವರ ಬಗ್ಗೆ ಜನರಿಂದಲೇ ದೂರು ಕೇಳಿ, ತಪಾಸಣೆ ನಡೆಸಿತು. ಬಳಕೆ ಶೇ 20ರಿಂದ 30ರಷ್ಟು ಇಳಿದಿದೆ ಎಂದು ಅಲ್ಲಿನ ಸರ್ಕಾರ ಹೇಳುತ್ತದೆ. ಅದನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಕೇರಳ ಆ ಕಾಯ್ದೆಗೆ ಕೈಹಾಕುವ ಮೊದಲು ಅಲ್ಲಿ ಏನೇನಿತ್ತು ನೋಡಿ. ನಡೆದು ಹೋಗುವಷ್ಟು ಹತ್ತಿರದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರ, ಅದರಲ್ಲಿ ವೈದ್ಯರು, 2018ರಲ್ಲೇ ರಾಜ್ಯದ್ದೇ ಒಂದು ಕ್ರಿಯಾ ಯೋಜನೆ. ಚೀಟಿ ಇಲ್ಲದೆ ಕೊಡುವುದಿಲ್ಲ ಎಂದರೆ ಚೀಟಿ ಬರೆಯುವವರು ಅಲ್ಲೇ ಇದ್ದಾರೆ. ಚಿಂಚೋಳಿಯ ಕಾಡಂಚಿನ ತಾಂಡಾದಲ್ಲಿ ರಾತ್ರಿ ಕೂಸಿಗೆ ನ್ಯುಮೋನಿಯಾ ಏರಿ ಪಕ್ಕೆ ಎಳೆಯುತ್ತಿದ್ದರೆ, ಚೀಟಿಯ ಕಾಯ್ದೆ ಆ ಕೂಸಿಗೆ ಅಡ್ಡ ನಿಲ್ಲುತ್ತದೆ. ಸಾದಾ ಅಮಾಕ್ಸಿಸಿಲಿನ್ ಸಮಯಕ್ಕೆ ಸಿಗದೆ ಸಾಯುವ ಮಕ್ಕಳೂ ಈ ದೇಶದಲ್ಲಿದ್ದಾರೆ. ಹಾಗಿದ್ದರೆ ಆರ್‌ಎಂಪಿಗಳಿಗೆ ತರಬೇತಿ ಕೊಟ್ಟರಾಯಿತು ಎನ್ನಬಹುದು ನೀವು. ಅದನ್ನೂ ಮಾಡಿ ನೋಡಿದ್ದಾರೆ. ಪಶ್ಚಿಮ ಬಂಗಾಳದ ಬೀರ್‌ಭೂಮ್‌ನಲ್ಲಿ ಹಳ್ಳಿ ವೈದ್ಯರಿಗೆ ತಿಂಗಳುಗಟ್ಟಲೆ ಪಾಠ ಹೇಳಿದರು. 2016ರಲ್ಲಿ ಅದರ ಫಲಿತಾಂಶ ಬಂದಾಗ, ರೋಗವನ್ನು ಸರಿಯಾಗಿ ನಿಭಾಯಿಸುವುದು ಸುಧಾರಿಸಿತ್ತು, ಆದರೆ ಬೇಡದ ಆ್ಯಂಟಿಬಯಾಟಿಕ್ ಕೊಡುವುದು ಕಡಿಮೆಯಾಗಿರಲಿಲ್ಲ. ಬೋಧನೆ ಬೇಕು, ಕಾಯ್ದೆಯೂ ಬೇಕು. ಆದರೆ ಎರಡೂ ಗುಳಿಗೆಯ ಮೇಲೆ ನಿಗಾ ಇಡುತ್ತವೆ, ಗುಳಿಗೆ ತುಂಬುತ್ತಿರುವ ಹಳ್ಳ ಹಾಗೇ ಉಳಿಯುತ್ತದೆ.

ಅಂಗಡಿಯವರು: ಹಳ್ಳ ತುಂಬೋದು ಅಂದ್ರ ನೀರು, ಚರಂಡಿ ಅಂತ ಹೇಳ್ತೀರಿ. ಅದು ಅಜ್ಜನ ಕಾಲದಿಂದ ಕೇಳಿಕೋತ ಬಂದಿದ್ದೇ. ಔಷಧಿಗೂ ಅದಕ್ಕೂ ಅಷ್ಟು ಹತ್ತಿರದ ಸಂಬಂಧ ಅದ ಏನ್ರಿ?

ವೈದ್ಯರು: ಟೈಫಾಯ್ಡ್ ಒಂದನ್ನೇ ಹಿಡಿದು ನೋಡೋಣ. ನಿಮ್ಮ ಸೀಮೆಯಲ್ಲಿ ಜ್ವರ ಬಂದವನು ಒಂದು ವಾರದೊಳಗೆ ‘ಟೈಫಾಯ್ಡ್ ಬಂದದ’ ಎಂದು ವೈಡಾಲ್ ಪರೀಕ್ಷೆಯ ಚೀಟಿ ಹಿಡಿದು ತಿರುಗುತ್ತಾನೆ. ಆ ಪರೀಕ್ಷೆ ಒಮ್ಮೆ ಮಾಡಿದರೆ ನೆಚ್ಚುವಂಥದ್ದಲ್ಲ. ಹಿಂದೆಂದೋ ತಗುಲಿದ ಸೋಂಕು, ಬೇರೆ ಜ್ವರ, ಎಲ್ಲಕ್ಕೂ ಅದು ಹೌದೆನ್ನಬಹುದು. ಗಟ್ಟಿ ಪುರಾವೆ ರಕ್ತದ ಕಲ್ಚರ್, ಅದಕ್ಕೆ ಎರಡು ಮೂರು ದಿನ ಮತ್ತು ಒಂದು ಸುಸಜ್ಜಿತ ಲ್ಯಾಬ್ ಬೇಕು. ಅದಿಲ್ಲದ ಕಡೆ ಎಲ್ಲ ಜ್ವರವೂ ಟೈಫಾಯ್ಡ್ ಆಗುತ್ತದೆ, ಎಲ್ಲ ಟೈಫಾಯ್ಡಿಗೂ ದೊಡ್ಡ ಔಷಧಿ ಬೀಳುತ್ತದೆ. ಇತ್ತ ನಿಜವಾದ ಟೈಫಾಯ್ಡಿನ ಬ್ಯಾಕ್ಟೀರಿಯಾ ಒಂದೊಂದೇ ಔಷಧಿಯನ್ನು ದಾಟುತ್ತ ಬಂದಿದೆ. 1948ರಲ್ಲಿ ಬಂದ ಕ್ಲೋರಾಂಫೆನಿಕಾಲ್ 1972ರಲ್ಲಿ ಕಲ್ಲಿಕೋಟೆಯಲ್ಲಿ ಸೋತಿತು. ಆಮೇಲೆ ಸಿಪ್ರೊಫ್ಲಾಕ್ಸಸಿನ್ ಮೊಂಡಾಯಿತು. 2016ರಲ್ಲಿ ಪಾಕಿಸ್ತಾನದ ಸಿಂಧ್‌ನಲ್ಲಿ ಸೆಫ್ಟ್ರಿಯಾಕ್ಸೋನ್‌ಗೂ ಬಗ್ಗದ ತಳಿ ಎದ್ದಿತು. ಪಾಕಿಸ್ತಾನ ಆಗ ಹೊಸ ಗುಳಿಗೆ ಹುಡುಕುತ್ತ ಕೂರಲಿಲ್ಲ, 2019ರಲ್ಲಿ ಟೈಫಾಯ್ಡಿನ ಹೊಸ ಲಸಿಕೆಯನ್ನು ಮಕ್ಕಳ ಲಸಿಕಾ ಪಟ್ಟಿಗೆ ಸೇರಿಸಿದ ಮೊದಲ ದೇಶವಾಯಿತು. ಆ ಲಸಿಕೆ ತಯಾರಾಗಿದ್ದು ಎಲ್ಲಿ ಗೊತ್ತೆ? ಹೈದರಾಬಾದಿನಲ್ಲಿ. ಸೇಡಂ ಸ್ಟೇಷನ್ನಿನಲ್ಲಿ ಸಿಕಂದರಾಬಾದ್ ರೈಲು ಹತ್ತಿದರೆ ಕೆಲವೇ ತಾಸಿನ ದಾರಿ. ಟೈಫಾಯ್ಡ್ ಬರುವುದು ಮಲ ಬೆರೆತ ನೀರಿನಿಂದ. ನೀರು ಶುದ್ಧವಾದ ದಿನ ಅದಕ್ಕೆ ಔಷಧಿಯೇ ಬೇಡ, ಬೇಡದ ಔಷಧಿಗೆ ಬ್ಯಾಕ್ಟೀರಿಯಾ ಬಗ್ಗುತ್ತದೋ ಇಲ್ಲವೋ ಅನ್ನುವ ಚಿಂತೆಯೂ ಬೇಡ. ಇದು ನನ್ನ ಒಬ್ಬನ ಆಸೆಯಲ್ಲ. 2024ರಲ್ಲಿ ಲ್ಯಾನ್ಸೆಟ್ ಲೇಖನಮಾಲೆಯೊಂದು ಲೆಕ್ಕ ಹಾಕಿತು: ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಆಸ್ಪತ್ರೆಯ ಸ್ವಚ್ಛತೆ, ಊರಿನ ನೀರು–ಶೌಚ, ಮಕ್ಕಳ ಲಸಿಕೆ ಈ ಮೂರನ್ನು ಸರಿಪಡಿಸಿದರೆ ಔಷಧಿ ನಿರೋಧಕ್ಕೆ ಸಂಬಂಧಿಸಿದ 7.5 ಲಕ್ಷ ಸಾವುಗಳನ್ನು ವರ್ಷವರ್ಷವೂ ತಪ್ಪಿಸಬಹುದು. ಅದರಲ್ಲಿ ಸುಮಾರು 3.4 ಲಕ್ಷ ಆಸ್ಪತ್ರೆಯೊಳಗಿನ ಕೈತೊಳೆತ ಮತ್ತು ಶುದ್ಧಿಯಿಂದ, 2.5 ಲಕ್ಷ ನೀರು–ಶೌಚದಿಂದ, 1.8 ಲಕ್ಷ ಲಸಿಕೆಯಿಂದ. ಇವುಗಳಲ್ಲಿ ಯಾವುದಕ್ಕೂ ಹೊಸ ಸಂಶೋಧನೆ ಬೇಕಿಲ್ಲ.

ಅಂಗಡಿಯವರು: ಹಂಗಂದ್ರ ಮಂದಿ ತಪ್ಪು ಏನೂ ಇಲ್ಲಂತೀರಿ? ಕೋರ್ಸ್ ಪೂರಾ ಮಾಡ್ರಿ ಅಂತ ಎಷ್ಟು ಸಲ ಹೇಳ್ತೀವಿ. ಉರಿ ಇಳಿದ ಕೂಡ್ಲೆ ಬಿಟ್ಟು ಬಿಡ್ತಾರ. ಟಿಬಿ ಗುಳಿಗಿನೂ ಹಂಗೇ ಬಿಟ್ಟು ಪುಣೆ, ಮುಂಬೈಗಿ ದುಡಿಯಾಕ ಹೋಗ್ತಾರ.

ವೈದ್ಯರು: ಕೋರ್ಸ್ ಪೂರಾ ಮಾಡಬೇಕೆಂಬ ಮಾತು ಎಲ್ಲ ರೋಗಕ್ಕೂ ಒಂದೇ ರೀತಿ ಹೊಂದುವುದಿಲ್ಲ. ಗಂಟಲು, ಮೂತ್ರ, ಪುಪ್ಪುಸದ ಹಲವು ಸೋಂಕುಗಳಿಗೆ ಹಿಂದೆ ಹೇಳುತ್ತಿದ್ದಕ್ಕಿಂತ ಕಡಿಮೆ ದಿನ ಸಾಕೆಂದು ಅಧ್ಯಯನಗಳು ತೋರಿಸುತ್ತಿವೆ. 2017ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲೇ ಈ ಹಳೆಯ ಉಪದೇಶವನ್ನು ತಜ್ಞರು ಪ್ರಶ್ನಿಸಿದರು. ಹಾಗೆಂದು ರೋಗಿ ತನಗೆ ತಾನೇ ನಿಲ್ಲಿಸಬಹುದು ಎಂದಲ್ಲ, ಎಷ್ಟು ದಿನ ಎಂಬುದನ್ನು ವೈದ್ಯರು ಹೇಳಬೇಕು. ಕ್ಷಯಕ್ಕೆ ಮಾತ್ರ ಕೋರ್ಸ್ ಪೂರಾ ಆಗಲೇಬೇಕು. ಅಲ್ಲಿ ನೀವು ಹೇಳಿದ್ದು ಸರಿ. 2014–16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಬಹು ಔಷಧ ನಿರೋಧಕ ಕ್ಷಯ ಹೊಸ ರೋಗಿಗಳಲ್ಲಿ ಶೇ 2.84 ಇದ್ದರೆ, ಹಿಂದೊಮ್ಮೆ ಚಿಕಿತ್ಸೆ ಪಡೆದವರಲ್ಲಿ ಶೇ 11.60 ಇತ್ತು. ಅರ್ಧಕ್ಕೆ ನಿಂತ, ಸರಿಯಾಗಿ ನಡೆಯದ ಚಿಕಿತ್ಸೆಯ ಬೆಲೆ ಆ ಅಂತರದಲ್ಲಿ ಕಾಣುತ್ತದೆ. ಆದರೆ ನನ್ನ ವಾದಕ್ಕೆ ಅತಿ ಗಟ್ಟಿ ಪುರಾವೆಯೂ ಕ್ಷಯದಲ್ಲೇ ಇದೆ. ಕಫದ ಡಬ್ಬಿಯನ್ನು ಸಿಬಿನಾಟ್ ಯಂತ್ರಕ್ಕೆ ಕೊಟ್ಟರೆ, ಸುಮಾರು ಎರಡು ತಾಸಿನಲ್ಲಿ ಕ್ಷಯ ಇದೆಯೋ ಇಲ್ಲವೋ, ಇದ್ದರೆ ರಿಫಾಂಪಿಸಿನ್‌ಗೆ ಬಗ್ಗುತ್ತದೋ ಇಲ್ಲವೋ ಎರಡೂ ತಿಳಿಯುತ್ತವೆ. ಪರೀಕ್ಷೆ ಉಚಿತ, ಔಷಧಿ ಉಚಿತ. ತಿಂಗಳಿಗೆ 500 ರೂಪಾಯಿ ಇದ್ದ ಪೌಷ್ಟಿಕಾಂಶದ ನೆರವು 2024ರ ನವೆಂಬರಿನಿಂದ 1,000 ಆಗಿದೆ. ಕ್ಷಯ ರೋಗಿಗಳ ಸರ್ಕಾರಿ ನೋಂದಣಿಯ ನಿಕ್ಷಯ್ ಸಂಖ್ಯೆ ಇದ್ದರೆ ಪುಣೆಗೆ ಹೋದವನು ಅಲ್ಲೇ ಚಿಕಿತ್ಸೆ ಮುಂದುವರಿಸಬಹುದು. ಈಗ ನಿಮ್ಮ ಕಸುಬಿನವರ ಬಗ್ಗೆ ಒಂದು ಸಂಗತಿ ಕೇಳಿ. ದೆಹಲಿ, ಮುಂಬೈ, ಪಟ್ನಾಗಳ ಔಷಧಿ ಅಂಗಡಿಗಳಿಗೆ ಕ್ಷಯದ ಲಕ್ಷಣ ಹೇಳುವ ತರಬೇತಾದ ‘ಗಿರಾಕಿ’ಗಳನ್ನು ಕಳಿಸಿ ನೋಡಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಒಂದು ಅಂಗಡಿಯೂ ಕ್ಷಯದ ಮೊದಲ ಸಾಲಿನ ಔಷಧಿ ಕೊಡಲಿಲ್ಲ. ಬರೀ ಕೆಮ್ಮು–ಜ್ವರ ಎಂದು ಬಂದವರಿಗೆ ಮೂರರಲ್ಲೊಂದಕ್ಕಿಂತ ಹೆಚ್ಚು ಸಲ ಬೇರೆ ಆ್ಯಂಟಿಬಯಾಟಿಕ್ ಹೋಯಿತು. ಕ್ಷಯ ಎಂದು ದೃಢಪಟ್ಟ ಲ್ಯಾಬ್ ಚೀಟಿ ಹಿಡಿದು ಬಂದವರಿಗೆ ಅದು ಅರ್ಧಕ್ಕೂ ಕಡಿಮೆಯಾಯಿತು. ಅದೇ ಅಂಗಡಿ, ಅದೇ ಲಾಭದ ಲೆಕ್ಕ. ಏನೆಂದು ಗೊತ್ತಾದಾಗ, ಕಳಿಸಲು ಒಂದು ಜಾಗ ಇದ್ದಾಗ, ಅಂಗಡಿಯವನೂ ಕೈ ಹಿಡಿಯುತ್ತಾನೆ.

ಅಂಗಡಿಯವರು: ಈ ಮಾತು ಯಾರೂ ಹೇಳಿದ್ದಿಲ್ಲ ಬಿಡ್ರಿ. ಆದರ ನಮ್ಮ ಕೈ ಹಿಡಿದು ಏನಾಯ್ತು? ಕೋಳಿ ಫಾರ್ಮಿನಾಗ ಚೀಲಗಟ್ಟಲೆ ಹಾಕ್ತಾರ, ಫ್ಯಾಕ್ಟರಿಯವರು ಹಳ್ಳಕ್ಕೇ ಬಿಡ್ತಾರ. ದೊಡ್ಡೋರನ್ನ ಬಿಟ್ಟು ನಾಕು ಗುಳಿಗಿಯವನ ಮ್ಯಾಲ ಯಾಕ ಮಾತು? ಹೊಸ ಔಷಧಿನೂ ಬರ್ತಾವ ಅಂತಾರಲ್ಲ.

ವೈದ್ಯರು: ದೊಡ್ಡವರನ್ನು ಬಿಡುವುದು ಬೇಡ. ಕೊಲಿಸ್ಟಿನ್ ಎಂಬುದು ಐಸಿಯುನಲ್ಲಿ ಬೇರೇನೂ ನಡೆಯದಾಗ ಕೊಡುವ ಕಡೆಯ ಔಷಧಿ. ಅದನ್ನೇ ಕೋಳಿ ಬೇಗ ದಪ್ಪವಾಗಲಿ ಎಂದು ಮೇವಿಗೆ ಬೆರೆಸುತ್ತಿದ್ದರು. ಅದನ್ನು ಸೋಲಿಸುವ ಜೀನು ಬ್ಯಾಕ್ಟೀರಿಯಾದಿಂದ ಬ್ಯಾಕ್ಟೀರಿಯಾಕ್ಕೆ ಹಾರುತ್ತದೆಂದು 2015ರಲ್ಲಿ ಚೀನಾದಲ್ಲಿ ಗೊತ್ತಾಯಿತು. ಭಾರತ 2019ರ ಜುಲೈನಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ನಿಷೇಧಿಸಿತು. ಹೈದರಾಬಾದ್ ಬಳಿಯ ಪಟಾನ್‌ಚೆರುವಿನಲ್ಲಿ ಔಷಧಿ ಕಾರ್ಖಾನೆಗಳ ತ್ಯಾಜ್ಯ ಸಂಸ್ಕರಿಸಿ ಬಿಟ್ಟ ನೀರಿನಲ್ಲೇ ಸಿಪ್ರೊಫ್ಲಾಕ್ಸಸಿನ್ ಲೀಟರಿಗೆ 31 ಮಿಲಿಗ್ರಾಂವರೆಗೆ ಇತ್ತೆಂದು ಸ್ವೀಡನ್ನಿನ ವಿಜ್ಞಾನಿಗಳು 2007ರಲ್ಲಿ ಪ್ರಕಟಿಸಿದರು, ಔಷಧಿ ತಿಂದ ರೋಗಿಯ ರಕ್ತದಲ್ಲಿ ಇರುವುದಕ್ಕಿಂತಲೂ ಹೆಚ್ಚು. ಇಂಥ ನೀರಿಗೆ ಮಿತಿ ಹಾಕುವ ಕರಡನ್ನು ಕೇಂದ್ರ ಸರ್ಕಾರ 2020ರಲ್ಲಿ ಹೊರಡಿಸಿತು, 2021ರ ಅಂತಿಮ ಅಧಿಸೂಚನೆಯಲ್ಲಿ ಆ ಮಿತಿ ಇರಲಿಲ್ಲ. ಇಲ್ಲೂ ಅದೇ ತರ್ಕ ನೋಡಿ: ಶುಚಿಯಾದ ಕೊಟ್ಟಿಗೆ, ಲಸಿಕೆ, ಪಶುವೈದ್ಯರ ಬದಲಿಗೆ ಮೇವಿನಲ್ಲಿ ಔಷಧಿ, ಪೂರ್ತಿ ಸಂಸ್ಕರಣೆಯ ಬದಲಿಗೆ ಹಳ್ಳ. ಮನುಷ್ಯರ ಮತ್ತು ಪ್ರಾಣಿಗಳ ಚಿಕಿತ್ಸೆಯನ್ನು ಒಟ್ಟಿಗೆ ರಾಜ್ಯದ ಹೊಣೆ ಎಂದು ಅಶೋಕ ತನ್ನ ಎರಡನೆಯ ಬಂಡೆ ಶಾಸನದಲ್ಲಿ ಬರೆಸಿದ. ನಿಮ್ಮ ಸನ್ನತಿಯಲ್ಲೂ ಅಶೋಕನ ಶಾಸನದ ಕಲ್ಲು ಸಿಕ್ಕಿದೆ, ಆದರೆ ಅದರಲ್ಲಿರುವುದು ಆ ಶಾಸನವಲ್ಲ. ಇಲ್ಲಿರುವುದು ಹನ್ನೆರಡನೆಯದು, ಹದಿನಾಲ್ಕನೆಯದು ಮತ್ತು ಎರಡು ಪ್ರತ್ಯೇಕ ಶಾಸನಗಳು. ಪ್ರತ್ಯೇಕ ಶಾಸನದಲ್ಲಿ ಅವನು ಪ್ರಜೆಗಳಿಗೆ ಬುದ್ಧಿ ಹೇಳುವುದಿಲ್ಲ, ಅಧಿಕಾರಿಗಳಿಗೆ ಹೇಳುತ್ತಾನೆ: ಸೋಮಾರಿತನ, ಆತುರ, ಕ್ರೌರ್ಯ ಬಿಟ್ಟು ಎಲ್ಲರನ್ನೂ ಸಮನಾಗಿ ನೋಡಬೇಕೆಂದು. ಯಾರನ್ನು ಮೊದಲು ಕೇಳಬೇಕು ಅನ್ನುವುದರಲ್ಲಿ ನನ್ನ ಮತವೂ ಅದೇ. ಇನ್ನು ಹೊಸ ಔಷಧಿ. ನಮ್ಮ ದೇಶದ್ದೇ ಆದ ನ್ಯಾಫಿಥ್ರೋಮೈಸಿನ್ 2024ರಲ್ಲಿ ಬಂತು, ನ್ಯುಮೋನಿಯಾಕ್ಕೆ ಮೂರೇ ದಿನದ ಔಷಧಿ. ಸಂತೋಷ. ಆದರೆ ಅಮೆರಿಕದ ಅಖೇಯೋಜೆನ್ ಕಂಪನಿ 2018ರಲ್ಲಿ ಹೊಸ ಆ್ಯಂಟಿಬಯಾಟಿಕ್‌ಗೆ ಮಂಜೂರಾತಿ ಪಡೆದು 2019ರಲ್ಲೇ ದಿವಾಳಿಯಾಯಿತು. ಕಡಿಮೆ ಮಾರಿದಷ್ಟೂ ಒಳ್ಳೆಯದೆನ್ನುವ ಸರಕನ್ನು ಮಾರುಕಟ್ಟೆ ಹೆಚ್ಚು ದಿನ ಹೊರುವುದಿಲ್ಲ. ಹೊಸ ಔಷಧಿಯನ್ನೂ ಪರೀಕ್ಷೆ ಇಲ್ಲದೆ ಕೊಟ್ಟರೆ ಅದರ ಗತಿಯೂ ಇದೇ.

ಅಂಗಡಿಯವರು: ಸರಿ, ಈಗ ಇಲ್ಲಿ ಮಾತು ಆಡೋಣ. ಸೇಡಂ, ಚಿತ್ತಾಪುರ, ಚಿಂಚೋಳಿಯಾಗ ಏನು ಆಗಬೇಕು? ರೊಕ್ಕ ಎಲ್ಲಿಂದ ಬರಬೇಕು?

ವೈದ್ಯರು: ರೊಕ್ಕ ಇಲ್ಲದ ಸೀಮೆಯೇನಲ್ಲ ಇದು. ಸಂವಿಧಾನದ 371-ಜೆ ಕಲಂ ಬಂದ ಮೇಲೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಇತ್ತೀಚಿನ ರಾಜ್ಯ ಬಜೆಟ್‌ಗಳಲ್ಲಿ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಿಸುತ್ತ ಬಂದಿದ್ದಾರೆ. ಕಟ್ಟಡಕ್ಕೆ, ರಸ್ತೆಗೆ ಹೋಗುವ ಹಣದಲ್ಲಿ ಒಂದು ಸಣ್ಣ ಪಾಲು ಇದಕ್ಕೆ ಬಂದರೂ ಸಾಕು. ಪ್ರತಿ ತಾಲ್ಲೂಕಿಗೂ ದೊಡ್ಡ ಲ್ಯಾಬ್ ಬೇಡ. ಕಲಬುರಗಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಜಿಮ್ಸ್ ಇದೆ, ಇಎಸ್‌ಐ ವೈದ್ಯಕೀಯ ಕಾಲೇಜಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ರಕ್ತ, ಮೂತ್ರದ ಮಾದರಿ ಸರಿಯಾಗಿ ತೆಗೆದು, ಅದೇ ದಿನ ಕಲಬುರಗಿಗೆ ಮುಟ್ಟಿಸಿ, ಫಲಿತಾಂಶವನ್ನು ಫೋನಿಗೆ ಕಳಿಸುವ ಏರ್ಪಾಡು ಬೇಕು. ಈ ಜಿಲ್ಲೆಯ ಮೂತ್ರದ ಸೋಂಕಿಗೆ ಯಾವ ಔಷಧಿ ನಡೆಯುತ್ತದೆ, ಯಾವುದು ಸೋತಿದೆ ಎಂಬ ಒಂದು ಹಾಳೆಯ ಪಟ್ಟಿಯನ್ನು ಮೂರು ತಿಂಗಳಿಗೊಮ್ಮೆ ಎಲ್ಲ ವೈದ್ಯರಿಗೂ ಅಂಗಡಿಗಳಿಗೂ ಹಂಚಬೇಕು. ಪ್ರಾಣಿಗಳ ಲೆಕ್ಕಕ್ಕೆ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯ ಪಕ್ಕದಲ್ಲೇ ಇದೆ. ಇನ್ನು ನೀರು. ನಲ್ಲಿಯ ಕೊನೆಯ ಮನೆಯಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಎಂಬುದು ಲೆಕ್ಕ. ಸಣ್ಣ ಗಾಜಿನ ನಳಿಕೆಯಲ್ಲಿ ನೀರು ಹಿಡಿದು, ಔಷಧಿಯ ಹನಿ ಬಿಟ್ಟು, ಬಣ್ಣ ನೋಡಿ ಹೇಳುವಷ್ಟು ಸುಲಭದ ಪರೀಕ್ಷೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಆ ಅಂಕಿಯನ್ನು ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಬರೆಯುವುದು ಔಷಧಿ ನಿರೋಧದ ವಿರುದ್ಧದ ಕೆಲಸವೇ. ಟೈಫಾಯ್ಡ್ ಲಸಿಕೆಯನ್ನು ಸರ್ಕಾರಿ ಕಾರ್ಯಕ್ರಮದಲ್ಲಿ ಕೊಡಿ ಎಂದು ಕೇಳುವುದೂ ಅದೇ ಕೆಲಸ.

ಅಂಗಡಿಯವರು: ಇವೆಲ್ಲ ಆಗಾಕ ವರ್ಷಗಳೇ ಬೇಕು. ಅಲ್ಲಿತನಕ ಆ ಗಣಿಯಾಂವ ಬಂದು ನಿಂತಾಗ ನಾ ಏನ್ ಮಾಡ್ಲಿ? ಇಲ್ಲ ಅಂದ್ರ ವ್ಯಾಪಾರ ಬೀಳ್ತದ. ಬಾಜೂದವನು ಕೊಡ್ತಾನ.

ವೈದ್ಯರು: ಬೀಳುತ್ತದೆ, ಇಲ್ಲವೆಂದರೆ ಸುಳ್ಳಾಗುತ್ತದೆ. ಅದಕ್ಕೇ ಇದನ್ನು ಒಂದೇ ಅಂಗಡಿಯ ಮೇಲೆ ಹಾಕಬಾರದು. ತಾಲ್ಲೂಕಿನ ಔಷಧಿ ವ್ಯಾಪಾರಿಗಳೆಲ್ಲ ಕೂಡಿ ಒಂದೇ ದಿನದಿಂದ ಪಾಲಿಸಿದರೆ ಬಾಜೂದವನ ಭಯ ಹೋಗುತ್ತದೆ, ರಜಿಸ್ಟರ್ ತಪಾಸಣೆ ಎಲ್ಲರಿಗೂ ಸಮನಾಗಿ ನಡೆಯಬೇಕು. ಇಷ್ಟರ ನಡುವೆ ಕೌಂಟರಿನಲ್ಲಿ ಮಾಡಬಹುದಾದ್ದೂ ಇದೆ. ಒಂದೆರಡು ದಿನದ ಜ್ವರ, ನೆಗಡಿ, ಮೈಕೈ ನೋವು ಇದ್ದವನಿಗೆ ಪ್ಯಾರಾಸಿಟಮಾಲ್ ಸಾಕು. ಉಸಿರು ಏರುತ್ತಿದ್ದರೆ, ಕೂಸು ಹಾಲು ಬಿಟ್ಟಿದ್ದರೆ, ಎಚ್ಚರ ತಪ್ಪುತ್ತಿದ್ದರೆ, ರಕ್ತ ಬಿದ್ದರೆ, ಜ್ವರ ಮೂರು ದಿನ ದಾಟಿದರೆ ತಡಮಾಡದೆ ದವಾಖಾನೆಗೆ ಕಳಿಸಬೇಕು. ಭೇದಿಯ ಕೂಸಿಗೆ ಓಆರ್‌ಎಸ್ ಮತ್ತು ಝಿಂಕ್ ಕೊಡಬೇಕು, ಅವು ಒಳಗಿನ ಕಪಾಟಿನಲ್ಲಿರದೆ ಕೌಂಟರಿನ ಮೇಲೇ ಇರಬೇಕು. ಜನ ಬೇಡವೆನ್ನುತ್ತಾರೆಂದು ಮೊದಲೇ ಅಂದುಕೊಳ್ಳಬೇಡಿ. ಎರಡು ವಾರ ದಾಟಿದ ಕೆಮ್ಮನ್ನು ಕಫ ಪರೀಕ್ಷೆಗೆ ಕಳಿಸಿ.

ಅಂಗಡಿಯವರು: ಅಷ್ಟು ನಾ ಮಾಡ್ತೀನಿ. ಆದರ ಒಂದು ಷರತ್ತು ಅದ್ರಿ. ನಾನು ಚೀಟಿ ಇಲ್ಲದೆ ಕೊಡಲ್ಲ ಅಂದ ದಿನ, ಆ ಗಣಿಯಾಂವ ಕೂಲಿ ಬಿಟ್ಟು ದವಾಖಾನಿಗಿ ಹೋದ್ರ ಅಲ್ಲಿ ಡಾಕ್ಟರ್ ಇರಬೇಕು, ಪರೀಕ್ಷಾ ಆಗಬೇಕು, ಸಂಜಿ ಒಳಗ ಏನು ಅಂತ ತಿಳೀಬೇಕು. ಇಲ್ಲಾಂದ್ರ ಅವನ ಎದುರಿಗಿ ನಾನೇ ಸುಳ್ಳಾಗ್ತೀನಿ.

ವೈದ್ಯರು: ಆ ಷರತ್ತು ನ್ಯಾಯವಾದದ್ದು, ಅದನ್ನು ನನಗಿಂತ ನೀವೇ ಹೇಳಿದರೆ ಹೆಚ್ಚು ತೂಕ. ವ್ಯಾಪಾರಿಗಳ ಸಂಘದಿಂದ ಬರೆದು ತಾಲ್ಲೂಕು ಆರೋಗ್ಯಾಧಿಕಾರಿಗೂ ಶಾಸಕರಿಗೂ ಕೊಡಿ: ನಾವು ಇಂಥ ತಾರೀಖಿನಿಂದ ಚೀಟಿ ಇಲ್ಲದೆ ಆ್ಯಂಟಿಬಯಾಟಿಕ್ ಮಾರುವುದಿಲ್ಲ, ಅದೇ ತಾರೀಖಿನಿಂದ ತಾಲ್ಲೂಕು ಆಸ್ಪತ್ರೆಯಲ್ಲಿ ಸಂಜೆಯ ಒಪಿಡಿ ಮತ್ತು ಮಾದರಿ ಸಂಗ್ರಹ ಶುರುವಾಗಬೇಕು ಎಂದು. ಔಷಧಿ ನಿರೋಧದ ಬಗ್ಗೆ ಸರ್ಕಾರಗಳು ಜನರಿಗೆ ಕೊಟ್ಟ ಬುದ್ಧಿಮಾತಿನ ಭಿತ್ತಿಪತ್ರಗಳು ಬೇಕಾದಷ್ಟಿವೆ. ಜನರ ಕಡೆಯಿಂದ ಸರ್ಕಾರಕ್ಕೆ ಹೋದ ಇಂಥ ಒಂದು ಅರ್ಜಿ ಅವೆಲ್ಲಕ್ಕಿಂತ ಮುಂದೆ ಹೋಗಬಲ್ಲದು. ಅದು ಕೆಲಸ ಮಾಡಿತೋ ಇಲ್ಲವೋ ಎಂದು ಅಳೆಯುವುದೂ ಸುಲಭ. ಎಷ್ಟು ಪಟ್ಟಿ ಮಾರಾಟವಾಗಲಿಲ್ಲ ಎಂದು ಎಣಿಸುವುದಷ್ಟೇ ಸಾಲದು. ಜ್ವರ ಎಂದು ಬಂದ ನೂರು ಜನರಲ್ಲಿ ಎಷ್ಟು ಜನರಿಗೆ ಅದು ಯಾವ ಜ್ವರ ಎಂದು ತಿಳಿಯಿತು, ಅವರಲ್ಲಿ ಎಷ್ಟು ಜನರಿಗೆ ಕೂಲಿ ತಪ್ಪಲಿಲ್ಲ ಎಂಬುದನ್ನೂ ಜೊತೆಗೆ ಬರೆಯಬೇಕು.